ಕಾಳಿನೊಳಗೆ ಮಲಗಿದ ಕಾಡಿಗೆ

ನಿವೃತ್ತಿಯಾದ ಮೇಲೂ ನನಗೆ ಗೋಧಿ ನೋಡುವ ಚಟ ಬಿಟ್ಟಿಲ್ಲ. ಅಂಗಡಿಯಿಂದ ತಂದದ್ದನ್ನು ಮೊರಕ್ಕೆ ಸುರಿದುಕೊಂಡು ಕಿಟಕಿಯ ಬೆಳಕಿನಲ್ಲಿ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ, ಒಲೆಯ ಮೇಲಿನ ಹಾಲು ಉಕ್ಕಿ ಹೋಗಿರುತ್ತದೆ. ಬೀಜ ಪರೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಮನೆಗೆ ಬಂದಿದ್ದರು. "ನಿಮ್ಮ ಕಾಲದಾಗ ಈ ಮಷೀನ್ ಒಂದೂ ಇರಲಿಲ್ಲಲ್ರಿ ಮೇಡಂ, ಹೆಂಗ ಮಾಡತಿದ್ರಿ?" ಎಂದು ಕೇಳಿದರು. ಚಹಾ ಕೊಟ್ಟು ಏನೋ ಹೇಳಿ ಕಳಿಸಿದೆ. ಹೇಳಿದ್ದು ಸಾಲಲಿಲ್ಲ ಅನ್ನಿಸಿ ಈಗ ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನ, ಶಾಲುಗಳ ಸುದ್ದಿ ಬಿಡುತ್ತೇನೆ. ಅವು ಎಲ್ಲರ ಬದುಕಿನಲ್ಲೂ ಒಂದೇ ತರಹ ಇರುತ್ತವೆ.

ಎಂಬತ್ತರ ದಶಕದಲ್ಲಿ ನಾನು ಧಾರವಾಡ ಬಿಟ್ಟು ವಿಶಾಖಪಟ್ಟಣಕ್ಕೆ ಹೋದೆ. ಬಂದರಿನ ಕಡೆಗೆ ಮುಖ ಮಾಡಿದ ಒಂದು ಹಳೆಯ ಕಟ್ಟಡದ ಮಹಡಿಯಲ್ಲಿ ನಮ್ಮ ಪುಟ್ಟ ಪ್ರಯೋಗಾಲಯ. ಮಧ್ಯಾಹ್ನ ಕಡಲ ಬೆಳಕು ಛಾವಣಿಯ ಮೇಲೆ ಬಿದ್ದು ಅಲುಗಾಡುತ್ತಿತ್ತು. ಕೆಲವು ದಿನ ನಾವೆಲ್ಲ ನೀರೊಳಗೇ ಕೂತು ಕೆಲಸ ಮಾಡುತ್ತಿದ್ದೇವೇನೋ ಅನ್ನಿಸುತ್ತಿತ್ತು.

ನನ್ನ ಮೇಲಧಿಕಾರಿ ಮೂರ್ತಿಗಾರು. ಊಟದ ನಂತರ ಮುಖದ ಮೇಲೆ ಪತ್ರಿಕೆ ಹೊದ್ದುಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗುತ್ತಿದ್ದರು. ಆದರೆ ಸೂಕ್ಷ್ಮದರ್ಶಕದ ಕೆಳಗೆ ನಾನೇನಾದರೂ ತಪ್ಪು ಇಟ್ಟರೆ ಪತ್ರಿಕೆಯ ಒಳಗಿನಿಂದಲೇ "ಊಹೂಂ" ಎನ್ನುತ್ತಿದ್ದರು. ಅದು ಹೇಗೆ ಗೊತ್ತಾಗುತ್ತಿತ್ತೋ ದೇವರೇ ಬಲ್ಲ.

ಸೇರಿದ ಹೊಸದರಲ್ಲಿ ನಾನು ಒಂದು ಮಹಾ ಪತ್ತೇದಾರಿ ಮಾಡಿದೆ. ಬಂದರಿನಲ್ಲಿ ಇಳಿಸಿದ್ದ ಗೋಧಿ ಚೀಲಗಳ ಮೇಲೆಲ್ಲ ಕೆಂಪು ಪುಡಿ. ಕೈಗೆ ಹಚ್ಚಿಕೊಂಡು ಓಡಿ ಬಂದು, "ಸಾರ್, ಭಂಡಾರ ರೋಗ!" ಎಂದೆ. ನಮ್ಮ ಕಡೆ ಗೋಧಿಯ ತುಕ್ಕು ರೋಗವನ್ನು ಹಾಗೆ ಕರೆಯುತ್ತಾರೆ. ಬೆಳೆಯ ಮೇಲೆ ಭಂಡಾರ, ಅಂದರೆ ದೇವರ ಅರಿಸಿನ ಪುಡಿ, ಎರಚಿದ ಹಾಗೆ ಕಾಣುತ್ತದೆ, ಬಲಿತಾಗ ಕೆಂಪಾಗುತ್ತದೆ. ಮೂರ್ತಿಗಾರು ನನ್ನ ಬೆರಳನ್ನು ಮೂಸಿ ನೋಡಿ, ಕಿಟಕಿಯ ಹೊರಗೆ ಕೈ ತೋರಿಸಿದರು. ಅಲ್ಲಿ ಹಡಗಿಗೆ ತುಂಬಲು ಕಬ್ಬಿಣದ ಅದಿರಿನ ಗುಡ್ಡವೇ ಬಿದ್ದಿತ್ತು, ಗಾಳಿಗೆ ಅದರ ಧೂಳು ಊರ ತುಂಬ ಹಾರುತ್ತಿತ್ತು. ಆಮೇಲೆ ಎಷ್ಟೋ ತಿಂಗಳು ಅವರು ನನ್ನನ್ನು "ಭಂಡಾರಂ ಮೇಡಂ" ಎಂದೇ ಕರೆದರು.

ಆದರೆ ಆ ದಿನವೇ ಅವರು ನನಗೆ ಈ ಕೆಲಸದ ಮೊದಲ ಪಾಠ ಹೇಳಿದ್ದು. ಕೊಯ್ಲಿನಿಂದ ಮುಂದಿನ ಬಿತ್ತನೆಯವರೆಗೆ ಹೊಲದಲ್ಲಿ ಗೋಧಿಯೇ ಇರುವುದಿಲ್ಲ. ಆಗ ಗೋಧಿಯ ರೋಗ ಎಲ್ಲಿರುತ್ತದೆ? ಪ್ರತಿ ರೋಗಕ್ಕೂ ಒಂದೊಂದು ತವರು. ತುಕ್ಕು ರೋಗ ನೀಲಗಿರಿಯಂಥ ತಂಪು ಬೆಟ್ಟಗಳಲ್ಲಿ, ಬೇಸಿಗೆಯಲ್ಲೂ ಹಸಿರಾಗಿರುವ ಗೋಧಿಯ ಮೇಲೆ ಬದುಕಿದ್ದು, ಗಾಳಿ ತಿರುಗಿದಾಗ ಸಾವಿರಾರು ಮೈಲಿ ಹಾರಿ ಬರುತ್ತದೆ. ಕೆಲವು ರೋಗಗಳು ಮಣ್ಣಿನಲ್ಲಿ ಬಿದ್ದುಕೊಂಡಿರುತ್ತವೆ. ಆದರೆ ಕಾಡಿಗೆ ರೋಗ ಎಲ್ಲೂ ಹೋಗುವುದಿಲ್ಲ. ಅದು ಕಾಳಿನ ಒಳಗೇ, ಮೊಳಕೆಯ ಕಣ್ಣಿನಲ್ಲೇ ಮಲಗುತ್ತದೆ. ಅಂಥ ಕಾಳನ್ನು ಎಷ್ಟು ತಿರುಗಿಸಿ ನೋಡಿದರೂ ಒಂದು ಕಲೆ ಇರುವುದಿಲ್ಲ. ದುಂಡಗೆ, ಹೊಂಬಣ್ಣಕ್ಕೆ, ಮದುವೆಗೆ ನಿಂತ ಹುಡುಗಿಯ ಹಾಗೆ ಇರುತ್ತದೆ. ಬಿತ್ತಿದಾಗ ಮೊಳಕೆಯ ಜತೆ ಅದೂ ಎಚ್ಚರಾಗಿ, ಗಿಡದ ಒಳಗೊಳಗೇ ಏರಿ, ತೆನೆ ಹೊರಡುವ ಹೊತ್ತಿಗೆ ಕಾಳಿನ ಜಾಗದಲ್ಲಿ ಕಪ್ಪು ಪುಡಿಯಾಗಿ ಹೊರಬರುತ್ತದೆ. ಆ ಪುಡಿ ಗಾಳಿಯಲ್ಲಿ ಹಾರಿ ಪಕ್ಕದ ತೆನೆಯ ಹೂವಿಗೆ ಇಳಿದರೆ ಅಲ್ಲಿ ಕಟ್ಟುವ ಕಾಳಿನಲ್ಲಿ ಮತ್ತೆ ನಿದ್ದೆ.

ಈ ಮಲಗಿದ್ದನ್ನು ಕಾಣಲು ನಮ್ಮಲ್ಲಿ ಒಂದು ವಿಧಾನವಿತ್ತು. ಕಾಳುಗಳನ್ನು ಕ್ಷಾರದ ನೀರಿನಲ್ಲಿ ನೆನೆಹಾಕಿ, ಬಿಸಿನೀರಿನಲ್ಲಿ ತೊಳೆದು ಜರಡಿ ಹಿಡಿದರೆ ಮೊಳಕೆಯ ಕಣ್ಣುಗಳಷ್ಟೇ ಬಿಡಿಸಿಕೊಂಡು ಬರುತ್ತಿದ್ದವು. ಅವನ್ನು ಔಷಧದಲ್ಲಿ ಕುದಿಸಿ ಪಾರದರ್ಶಕ ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಅಬ್ಬಾ, ಬೆಳಕಿನ ಒಂದು ಪುಟ್ಟ ದೋಣಿ. ರೋಗವಿದ್ದರೆ ಆ ದೋಣಿಯೊಳಗೆ ಕಂದು ಬಣ್ಣದ ಎಳೆಗಳು ಸುರುಳಿ ಸುತ್ತಿಕೊಂಡು ಮಲಗಿರುತ್ತಿದ್ದವು. ನೋಡುತ್ತ ನೋಡುತ್ತ ನಾನು ಕಚೇರಿ, ಹಸಿವು, ಊರು ಎಲ್ಲ ಮರೆತುಬಿಡುತ್ತಿದ್ದೆ. ಒಂದೇ ಸಂಕಟ ಅಂದರೆ, ನೋಡಿದ ಕಾಳು ಸತ್ತಿರುತ್ತಿತ್ತು. ಬಿತ್ತಬೇಕಾದ ಕಾಳನ್ನು ಪರೀಕ್ಷೆ ಮಾಡುವಂತಿಲ್ಲ, ಪರೀಕ್ಷೆ ಮಾಡಿದ್ದನ್ನು ಬಿತ್ತುವಂತಿಲ್ಲ. ಈ ಸಂಕಟ ನಿಜವಾಗಿ ನನ್ನ ಎದೆಗೆ ತಟ್ಟಿದ್ದು ಶಾಂತಕ್ಕ ಬಂದ ಮೇಲೆ.

ವಿಶಾಖಪಟ್ಟಣದಲ್ಲಿ ನೌಕಾಪಡೆಯ ಕನ್ನಡದ ಕುಟುಂಬಗಳು, ಬ್ಯಾಂಕಿನವರು, ನಾವೊಂದಿಷ್ಟು ಜನ ಸಂಕ್ರಾಂತಿಗೆ ಕಡಲ ದಂಡೆಯಲ್ಲಿ ಸೇರಿ ಕುಸುರೆಳ್ಳು ಹಂಚಿಕೊಳ್ಳುತ್ತಿದ್ದೆವು. ಆ ವರ್ಷ ಹಡಗಿನಲ್ಲಿ ಕೆಲಸ ಮಾಡುವವರೊಬ್ಬರ ಹೆಂಡತಿ ಶಾಂತಕ್ಕ ನನ್ನ ಪಕ್ಕಕ್ಕೆ ಬಂದು ಕೂತಳು. ಜತೆಗೆ ಪುಟ್ಟ ಮಗಳು ಗೀತಾ. ಆಕೆ ಸುತ್ತಮುತ್ತ ನೋಡಿ, ಸೆರಗಿನೊಳಗಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು.

"ಅಕ್ಕಾರ, ನೀವು ಕಾಳಿನ ಡಾಕ್ಟ್ರ ಅಂತಲ್ರಿ? ನಮ್ಮ ಗೋಧಿಗೆ ದೃಷ್ಟಿ ಆಗೇತಿ. ಸ್ವಲ್ಪ ನೋಡ್ರಿ."

ಮುಚ್ಚಳ ತೆಗೆದರೆ ಒಳಗೆ ನಾಲ್ಕಾರು ತೆನೆ, ಕಾಡಿಗೆಯ ಹಾಗೆ ಕಪ್ಪಾಗಿದ್ದವು. ನಾನು ಗಾಳಿಗೆ ಹಾರದಂತೆ ಪಟ್ಟನೆ ಮುಚ್ಚಿದೆ.

"ಎಲ್ಲಿ ಬೆಳದೀರಿ ಇದನ್ನ?"

"ಕ್ವಾರ್ಟರ್ಸ್ ಹಿತ್ತಲದಾಗ್ರಿ. ಒಂದ ಮಡಿ ಐತಿ. ರೋಗ ಮಣ್ಣಾಗ ಐತೇನೋ ಅಂತ ಎರಡ ಸರ್ತಿ ಮಣ್ಣ ಬದಲ ಮಾಡಿಸೀನಿ. ನಮ್ಮ ಮನಿಯವರು ರಜಾ ಇದ್ದಾಗ ಬಕೆಟ್ಟಿಲೆ ಹೊತ್ತ ಹೊತ್ತ ಹಾಕ್ಯಾರ. ಆದ್ರೂ ವರ್ಷಾ ವರ್ಷಾ ಕರೇ ತೆನಿ ಜಾಸ್ತಿನ ಆಗಾಕ ಹತ್ಯಾವ್ರಿ."

"ಮಣ್ಣಿನ್ಯಾಗ ಇಲ್ಲ ಶಾಂತಕ್ಕ, ಅದು ಬೀಜದಾಗ ಐತಿ. ಈ ಬೀಜ ಬಿಟ್ಟು ಬ್ಯಾರೆ ತರಸ್ಕೋರಿ."

ಆಕೆ ಕಡಲಿನ ಕಡೆ ನೋಡಿದಳು. ಕೃಷ್ಣೆಯ ದಂಡೆಯ ಅವಳ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. "ಊರು ಬಿಡೂ ಮುಂದ ಎಲ್ಲಾರೂ ಪಾತ್ರಿ, ಪೆಟಿಗಿ ಕಟಗೊಂಡ್ರು. ನಮ್ಮವ್ವ ಇದನ್ನ ಉಡ್ಯಾಗ ಕಟಗೊಂಡ ಬಂದ್ಲು. ಈಗ ಆಕೀನೂ ಇಲ್ಲ. ಈ ಗೋಧಿ ಬ್ಯಾರೆ ಎಲ್ಲೂ ಇಲ್ರಿ ಅಕ್ಕಾರ, ನಮ್ಮ ಹಿತ್ತಲದಾಗ ಅಷ್ಟ ಐತಿ," ಎಂದಳು. ಗೀತಾ ಅಲೆಗಳ ಹತ್ತಿರ ನಿಂತು ತೆಲುಗಿನಲ್ಲಿ ಏನೋ ಕೂಗುತ್ತಿದ್ದಳು. ಶಾಂತಕ್ಕ ಅವಳನ್ನು ನೋಡಿ, "ಮನಿಯಾಗೂ ಕನ್ನಡ ಮಾತಾಡಂಗಿಲ್ರಿ ಇದು," ಎಂದು ನಕ್ಕಳು. ಆ ನಗುವಿನಲ್ಲಿ ನಗು ಇರಲಿಲ್ಲ.

ಮರುದಿನ ಮೂರ್ತಿಗಾರು ಎಲ್ಲ ಕೇಳಿ, ಬೀಜಕ್ಕೆ ಹಚ್ಚುವ ಔಷಧದ ಪುಡಿ ಬಂದಿದೆಯಲ್ಲ, ಹಚ್ಚಿ ಮುಗಿಸು ಅಂದರು. ಸಂಜೆ ಶಾಂತಕ್ಕನ ಮನೆಗೆ ಹೋಗಿ ಹೇಳಿದೆ. ಆಕೆ ಪೂರ್ತಿ ಕೇಳುವ ಮೊದಲೇ ತಲೆ ಅಲ್ಲಾಡಿಸಿದಳು.

"ವಿಷಾ ಹಚ್ಚಿದ ಕಾಳು ಘಟದಾಗ ಹೆಂಗ ಹಾಕ್ಲಿ? ದಸರಾಕ್ಕ ಆ ಸಸಿ ಹುಡಿಗೀ ತಲ್ಯಾಗ ಮುಡಸ್ತೀವ್ರಿ."

ನವರಾತ್ರಿಯಲ್ಲಿ ಘಟದ ಸುತ್ತ ಮಣ್ಣು ಹಾಕಿ ಗೋಧಿ ಬಿತ್ತುವುದು, ಹಬ್ಬದ ದಿನ ಸಸಿ ಮುಡಿಯುವುದು ನನ್ನ ತವರಿನಲ್ಲೂ ಇತ್ತು. ತಿರುಗಿ ಮೂರ್ತಿಗಾರು ಅವರ ಬಳಿ ಬಂದಾಗ ಅವರು ಪತ್ರಿಕೆ ಸರಿಸಿ ಕೂತರು.

"ನಿದ್ರಪೋಯೇವಾಡಿನಿ ಚಂಪಲೇಂ ಅಮ್ಮಾ. ಮುಂದು ಲೇಪಾಲಿ."

ಮಲಗಿದವನನ್ನು ಕೊಲ್ಲಲಾಗದು, ಮೊದಲು ಎಬ್ಬಿಸಬೇಕು. ಅವರು ಹೇಳಿದ್ದು ಔಷಧ ಬರುವ ಮುಂಚಿನ ಹಳೆಯ ಪದ್ಧತಿ. ಕಡು ಬೇಸಿಗೆಯಲ್ಲಿ ಬೆಳಗಿನಿಂದ ಹೊತ್ತು ನೆತ್ತಿಗೆ ಬರುವವರೆಗೆ ಗೋಧಿಯನ್ನು ನೀರಿನಲ್ಲಿ ನೆನೆಹಾಕುವುದು. ಒಳಗೆ ಮಲಗಿದ್ದ ರೋಗ ಮಳೆ ಬಂತು, ಬಿತ್ತನೆಯಾಯಿತು ಅಂದುಕೊಂಡು ಎಚ್ಚರಾಗುತ್ತದೆ. ಆ ಗಳಿಗೆಯಲ್ಲಿ ನೀರು ಬಸಿದು, ತೆಳ್ಳಗೆ ಹರವಿ, ಉರಿಬಿಸಿಲಿನಲ್ಲಿ ಒಣಗಿಸಿಬಿಡಬೇಕು. ಎದ್ದ ರೋಗ ಸಾಯುತ್ತದೆ. ಕಾಳಿನ ಕಣ್ಣೂ ಅರ್ಧ ಎಚ್ಚರಾಗಿರುತ್ತದೆ, ಆದರೆ ಅದು ಗಟ್ಟಿ, ತಡೆದುಕೊಂಡು ಮತ್ತೆ ಮಲಗುತ್ತದೆ. ಬಿಸಿಲು ಕಡಿಮೆಯಾದರೆ ರೋಗ ಉಳಿಯುತ್ತದೆ, ತಡವಾದರೆ ಕಾಳೇ ಹೋಗುತ್ತದೆ. "ಎಲ್ಲವನ್ನೂ ಒಂದೇ ದಿನ ಎಬ್ಬಿಸಬೇಡ" ಎಂದೂ ಅವರು ಹೇಳಿದರು.

ಶಾಂತಕ್ಕ ಆ ವರ್ಷದ ಕಾಳನ್ನೆಲ್ಲ ಒಂದು ಖಣದ ಚೀಲದಲ್ಲಿ ಕಟ್ಟಿ ನನ್ನ ಕೈಗಿಟ್ಟಳು. ಮಗುವನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟಳು. ಬೇಸಿಗೆ ಬಂದಾಗ ಎಂವಿಪಿ ಕಾಲೋನಿಯ ನನ್ನ ಬಾಡಿಗೆ ಮನೆಯ ಮಾಳಿಗೆಯಲ್ಲಿ ಒಂದು ಹಿಡಿ ಮಾತ್ರ ತೆಗೆದು ನೆನೆಹಾಕಿ ನೋಡಿದೆ. ಮಧ್ಯಾಹ್ನ ಹರವುವ ಹೊತ್ತಿಗೆ ಸರಿಯಾಗಿ ಕಡಲ ಗಾಳಿ ಎದ್ದಿತು. ತಂಪಾಗಿ, ಉಪ್ಪುಪ್ಪಾಗಿ, ಮೈಗೆ ಹಿತವಾಗಿ. ನಾನೂ ಅಲ್ಲೇ ಗೋಡೆಗೊರಗಿ ತೂಕಡಿಸಿದೆ. ಸಂಜೆಗೂ ಕಾಳು ಒಣಗಲಿಲ್ಲ, ಮರುದಿನ ಬೆಳಿಗ್ಗೆ ಬಿಳಿ ಮೂತಿ ಹೊರಹಾಕಿ ಕೂತಿತ್ತು. ಕಡಲಿನ ಊರಿಗೆ ಕೊಲ್ಲುವ ಬಿಸಿಲಿಲ್ಲ.

ಕೊಲ್ಲುವ ಬಿಸಿಲು ಬೇಕಾದರೆ ವಿಜಯವಾಡಕ್ಕೆ ಹೋಗಬೇಕು. ಪ್ರತಿ ಮೇ ತಿಂಗಳು ಒನ್ ಟೌನ್‌ನ ಗೋದಾಮುಗಳಿಂದ ಕಾಳಿನ ಮಾದರಿ ತರಲು ನನ್ನನ್ನು ಅಲ್ಲಿಗೆ ಕಳಿಸುತ್ತಿದ್ದರು. ಯಾರೂ ಇಷ್ಟಪಟ್ಟು ಹೋಗುವ ಕೆಲಸವಲ್ಲ. ಆ ವರ್ಷ ಮಾತ್ರ ನಾನೇ ಕೇಳಿ ಹೊರಟೆ. ಉಳಿದುಕೊಳ್ಳುತ್ತಿದ್ದದ್ದು ಗವರ್ನರ್‌ಪೇಟೆಯ ಕಮಲಾಬಾಯಿಯವರ ಮನೆಯಲ್ಲಿ. ವಿಜಾಪುರದವರು, ಗಂಡ ಬ್ಯಾಂಕಿನಲ್ಲಿ ಅಧಿಕಾರಿ. ಕನ್ನಡ ಮಾತಾಡಲು ಜನ ಸಿಕ್ಕರೆ ಸಾಕು, ಊಟ ಹಾಕದೆ ಬಿಡದ ಹೆಂಗಸು.

ಬೆಳಿಗ್ಗೆ ಅರ್ಧ ಕಾಳು ನೆನೆಹಾಕಿ, ಹೊತ್ತು ನೆತ್ತಿಗೆ ಬಂದಾಗ ಮಾಳಿಗೆಯ ಮೇಲೆ ಹರವಿದೆ. ಕಾಲಿಡಲಾಗದಂಥ ಬಿಸಿಲು. ಬೀದಿ, ಆಟೋಗಳ ಸದ್ದು, ಕಾಗೆ ಎಲ್ಲ ಅದರಲ್ಲಿ ಕರಗಿಹೋದಂತಿತ್ತು. ನೆಮ್ಮದಿಯಾಗಿ ಒನ್ ಟೌನ್‌ಗೆ ಹೋದೆ. ಗೋದಾಮಿನ ಕತ್ತಲಲ್ಲಿ ಚೀಲಗಳಿಗೆ ಕೊಳವೆ ಚುಚ್ಚಿ ಕಾಳು ತೆಗೆಯುವಾಗಲೂ ನನ್ನ ಕಣ್ಣ ಮುಂದೆ ಆ ಮಾಳಿಗೆಯೇ ಇತ್ತು. ಒಳಗಿನ ಕಂದು ಎಳೆಗಳು ಒಂದೊಂದಾಗಿ ಕಣ್ಣು ತೆರೆದು ಬಿಸಿಲಿಗೆ ಸಿಕ್ಕಿಬೀಳುವುದು ಕಾಣುತ್ತಿತ್ತು.

ಇಳಿಹೊತ್ತಿಗೆ ಬಂದು ಮಾಳಿಗೆ ಹತ್ತಿದರೆ ಕಾಳಿಲ್ಲ. ಕೆಳಗೆ ಅಡುಗೆಮನೆಯ ನೆರಳಿನಲ್ಲಿ ಬುಟ್ಟಿ ತುಂಬ ಇತ್ತು, ಮೇಲೆ ಒದ್ದೆ ಪಂಚೆ ಹೊದಿಸಿತ್ತು.

"ಅಯ್ಯ, ನೆನಸಿದ ಗೋಧಿ ಹಂಗ ಬಿಸಿಲಾಗ ಬಿಟ್ಟು ಹೋಗಿದ್ರಲ್ಲ! ಒಣಗಿ ಕಟಕಟ ಆದ್ರ ಹುಗ್ಗಿಗೆ ಹೆಂಗ ಕುಟ್ಟಲಿಕ್ಕೆ ಬರ್ತದ? ಆವಾಗಿಂದ ಎರಡ ಸಲ ನೀರು ಚಿಮುಕಿಸೀನಿ ನೋಡ್ರಿ," ಎಂದರು ಕಮಲಾಬಾಯಿ ಸಂಭ್ರಮದಿಂದ.

ಬೇರೆ ಯಾವ ಸೀಮೆಯ ಹೆಂಗಸೂ ಆ ತಪ್ಪು ಮಾಡುತ್ತಿರಲಿಲ್ಲ. ನೆನೆದ ಗೋಧಿ ಕಂಡರೆ ಹುಗ್ಗಿ ನೆನಪಾಗುವುದು ನಮ್ಮವರಿಗಷ್ಟೇ. ಅಲ್ಲೇ ಹೊಸ್ತಿಲ ಮೇಲೆ ಕೂತು ನಾನು ಅತ್ತುಬಿಟ್ಟೆ. ಕಾಳು ಆಗಲೇ ಮೊಳಕೆಗೆ ಹೊರಟಿತ್ತು. ಈಗ ಬಿಸಿಲಿಗೆ ಹಾಕಿದರೆ ರೋಗದ ಜತೆ ಕಾಳೂ ಸಾಯುತ್ತದೆ. ಅಳುತ್ತಲೇ ಶಾಂತಕ್ಕನ ಊರು, ಹಿನ್ನೀರು, ಅವಳ ಅವ್ವನ ಉಡಿ ಎಲ್ಲ ಹೇಳಿದೆ. ಕಮಲಾಬಾಯಿ ಬಾಯಿಗೆ ಸೆರಗು ಹಿಡಿದುಕೊಂಡು ಕೇಳಿದರು. ಆಮೇಲೆ ಬುಟ್ಟಿಯನ್ನೇ ನೋಡುತ್ತ, "ಅನ್ನ ಅದ. ಚೆಲ್ಲೂದಂತೂ ಬ್ಯಾಡ," ಎಂದಷ್ಟೇ ಹೇಳಿ ಒಳಗೆ ಹೋದರು. ಅವರು ಕುಟ್ಟುವ ಸದ್ದು ಬಹಳ ಹೊತ್ತು ಕೇಳಿತು. ಬೆಲ್ಲ, ಕೊಬ್ಬರಿ, ಗಸಗಸೆ ಹಾಕಿದ ಹುಗ್ಗಿಯನ್ನು ಬಟ್ಟಲಲ್ಲಿ ತಂದು ಮುಂದಿಟ್ಟಾಗ ಮುಖ ತಿರುಗಿಸಿದ್ದೆ. ಕೊನೆಗೆ ತಿಂದೆ. ಆ ರುಚಿಯನ್ನು ಇಲ್ಲಿ ಬರೆಯಲು ನನಗೆ ಬರುವುದಿಲ್ಲ.

ಮರುದಿನ ಉಳಿದರ್ಧ ಕಾಳನ್ನು ಹರವಿದಾಗ ಕಮಲಾಬಾಯಿ ನನ್ನ ಹಿಂದೆಯೇ ಛತ್ರಿ ಹಿಡಿದು ಮಾಳಿಗೆಗೆ ಬಂದರು. "ನೀವು ನಿಮ್ಮ ಕೆಲಸಕ್ಕ ಹೋಗ್ರಿ. ನಾ ಇಲ್ಲೇ ಕೂಡ್ತೀನಿ," ಎಂದರು. ಬೇಡವೆಂದರೆ ಕೇಳಲಿಲ್ಲ. ಸಂಜೆ ಬಂದಾಗಲೂ ಅಲ್ಲೇ ಇದ್ದರು. ಮುಖ ಕೆಂಡವಾಗಿತ್ತು, ತುಟಿ ಒಣಗಿತ್ತು, ಪಕ್ಕದಲ್ಲಿ ಪಾರಿವಾಳ ಓಡಿಸಲು ಒಂದು ಕೋಲು. ಕಾಳನ್ನು ಹಲ್ಲಿಗಿಟ್ಟು ಕಡಿದೆ. ಟಕ್ ಎಂದಿತು.

ವಿಶಾಖಪಟ್ಟಣಕ್ಕೆ ಬಂದು ಅರ್ಧ ಚೀಲ ಶಾಂತಕ್ಕನ ಕೈಗಿಟ್ಟಾಗ ನನಗೆ ಮುಖ ಎತ್ತಲಾಗಲಿಲ್ಲ. ನಡೆದದ್ದೆಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ಚೀಲದ ಬಾಯಿ ಬಿಚ್ಚಿ, ಕಾಳಿನೊಳಗೆ ಕೈಯಾಡಿಸುತ್ತ ಕೇಳಿದಳು:

"ಹುಗ್ಗಿ ಹೆಂಗಾಗಿತ್ರಿ ಅಕ್ಕಾರ?"

"ಚಲೋ ಆಗಿತ್ತು."

"ಕೆಂಪಗ ಆಗಿತ್ತೇನು? ನಮ್ಮವ್ವ ಮಾಡಿದ್ರ ಕೆಂಪಗ ಆಗತಿತ್ತು."

"ಹೌದು, ಕೆಂಪಗ ಇತ್ತು."

"ಬೀಜಕ್ಕ ಸಾಲಂಗಿಲ್ಲಂತ ಊರು ಬಿಟ್ಟಾಗಿಂದ ಒಮ್ಮೆನೂ ಮಾಡಿಲ್ರಿ ನಾ. ರುಚಿನ ಮರತ ಬಿಟ್ಟೀನಿ." ಅವಳ ಕಣ್ಣು ತುಂಬಿತು, ನನ್ನದೂ.

ದಸರಾಕ್ಕೆ ಘಟದಲ್ಲಿ ಸಸಿ ಒತ್ತಾಗಿ ಎದ್ದಿತು. ಗೀತಾಳ ಜಡೆಯಲ್ಲಿ ಎಳೆ ಹಳದಿ ಸಸಿಗಳನ್ನು ನೋಡಿ ಎಲ್ಲರಿಗೂ ಖುಷಿ. ನನಗೆ ಮಾತ್ರ ಧೈರ್ಯವಿರಲಿಲ್ಲ. ರೋಗವಿದ್ದ ಕಾಳೂ ಇಷ್ಟೇ ಚೆಂದಾಗಿ ಮೊಳೆಯುತ್ತದೆ. ಸೂಕ್ಷ್ಮದರ್ಶಕಕ್ಕೂ ಇಲ್ಲಿ ಬಾಯಿಲ್ಲ, ಸತ್ತ ಎಳೆಯೂ ಮಲಗಿದ ಎಳೆಯೂ ಅದರ ಕೆಳಗೆ ಒಂದೇ ತರಹ. ತೆನೆ ಹೊರಡುವವರೆಗೆ ಕಾಯುವುದೊಂದೇ ದಾರಿ. ಈಗಿನ ಹುಡುಗಿಯರೇ, ನಿಮ್ಮ ಯಂತ್ರಗಳು ಏನೇನೋ ಹೇಳುತ್ತವೆಯಂತೆ. ಸಂತೋಷ. ಆದರೆ ಕಾಯುವುದನ್ನೂ ಕಲಿತಿರಿ.

ಚಳಿ ಬಿದ್ದ ಮೇಲೆ ಶಾಂತಕ್ಕ ಹಿತ್ತಲ ಮಡಿಯಲ್ಲಿ ಬಿತ್ತಿದಳು. ಗಿಡ ಮೊಳಕಾಲೆತ್ತರ ಬಂದಾಗ ಅವಳ ಗಂಡನಿಗೆ ಪಶ್ಚಿಮ ಕರಾವಳಿಗೆ ವರ್ಗವಾಯಿತು. ನೌಕಾಪಡೆಯಲ್ಲಿ ವರ್ಗವೆಂದರೆ ಗಂಟುಮೂಟೆ ಕಟ್ಟಲೇಬೇಕು. ನಿಂತ ಬೆಳೆಯನ್ನು ಗಂಟು ಕಟ್ಟಲಾಗುತ್ತದೆಯೇ? ಮಗಳ ಪರೀಕ್ಷೆ ಮುಗಿಯಲಿ ಎಂದು ನೆಪ ಹೇಳಿ ಶಾಂತಕ್ಕ ಹಿಂದೆ ಉಳಿದಳು. ಒಂದನೇ ತರಗತಿಯ ಪರೀಕ್ಷೆಗೆ ಅಷ್ಟು ಮರ್ಯಾದೆ ಸಿಕ್ಕಿದ್ದು ನಾನು ಬೇರೆಲ್ಲೂ ಕಂಡಿಲ್ಲ.

ಕಾಡಿಗೆ ಹಿಡಿದ ತೆನೆ ಉಳಿದವುಗಳಿಗಿಂತ ಮೊದಲು ಹೊರಬರುತ್ತದೆ. ಹಾಗಾಗಿ ಮೊದಲ ತೆನೆಗೇ ಹೆದರಬೇಕು. ಅದನ್ನು ನಾನೇ ಅವಳಿಗೆ ಹೇಳಿದ್ದೆ, ಹೇಳಬಾರದಿತ್ತೇನೋ. ಒಂದು ಬೆಳಿಗ್ಗೆ ಗೀತಾ ಪಕ್ಕದ ಮನೆಯಿಂದ ಕಚೇರಿಗೆ ಫೋನ್ ಮಾಡಿಸಿದಳು. ಮೂರ್ತಿಗಾರು ತಾವೇ ಸ್ಕೂಟರಿನಲ್ಲಿ ನನ್ನನ್ನು ಕರೆದುಕೊಂಡು ಹೋದರು. ಶಾಂತಕ್ಕ ಹಿತ್ತಲ ಬಾಗಿಲಲ್ಲಿ ಬೆನ್ನು ಮಾಡಿ ನಿಂತಿದ್ದಳು.

"ಒಂದ ತೆನಿ ಹೊಟ್ಟಿ ಒಡದೇತ್ರಿ. ನನಗ ನೋಡೂದ ಆಗವಲ್ದು. ನೀವ ನೋಡ್ರಿ."

ಮಡಿಯ ಅಂಚಿನಲ್ಲಿ ಕೂತೆ. ಎಲೆಯ ತೊಟ್ಟಿಲಿನಿಂದ ತುದಿ ಮಾತ್ರ ಹೊರಗಿಣುಕಿತ್ತು. ಉಗುರಿನಿಂದ ಮೆಲ್ಲಗೆ ಸಿಪ್ಪೆ ಬಿಡಿಸಿದೆ. ಒಳಗೆ ಹಸಿರು. ಎಳೆ ಮೀಸೆ, ಸಾಲಾಗಿ ಜೋಡಿಸಿದ ಹಸಿ ಹಸಿ ಗೂಡುಗಳು.

"ಹಸರ ಐತಿ ಶಾಂತಕ್ಕ."

ಆಕೆ ತಿರುಗಲಿಲ್ಲ. ಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತೇ ಇದ್ದಳು. ಮೂರ್ತಿಗಾರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಅದಿರಿನ ಧೂಳನ್ನು ಬೈದರು. ಆಮೇಲೆ ಹೊರಟ ತೆನೆಗಳೆಲ್ಲ ಹಸಿರೇ. ಒಂದೂ ಕಪ್ಪಿರಲಿಲ್ಲ.

ಕೊಯ್ದ ಮೇಲೆ ಹೊರಡುವ ಹಿಂದಿನ ದಿನ ಶಾಂತಕ್ಕ ನನ್ನನ್ನು ಕರೆದಳು. ಮನೆ ತುಂಬ ಕಟ್ಟಿದ ಪೆಟ್ಟಿಗೆಗಳು. ಬೀಜವನ್ನು ಮೂರು ಪಾಲು ಮಾಡಿದ್ದಳು. ಒಂದು ತನಗೆ, ಒಂದು ನನಗೆ. ಮೂರನೆಯದನ್ನು ತೋರಿಸಿ, "ಇದು ಬಿಸಿಲಾಗ ಕುಂತ ಆ ಅಕ್ಕಗ ಮುಟ್ಟಸ್ರಿ," ಎಂದಳು. ಮುಖವನ್ನೇ ನೋಡದ ಕಮಲಾಬಾಯಿಗೆ! ಅದನ್ನು ಮುಟ್ಟಿಸಿದ ದಿನ ಅವರೂ ಶಾಂತಕ್ಕನ ಹಾಗೆಯೇ ಎರಡೂ ಕೈ ಒಡ್ಡಿದರು.

ಪಾಲಿಗೆ ಸೇರದ ಇನ್ನೊಂದು ಹಿಡಿ ಕಾಳು ಒಲೆಯ ಮೇಲಿತ್ತು. ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದ್ದರಿಂದ ಹಾಲಿನ ತಂಬಿಗೆಯಲ್ಲೇ ಹುಗ್ಗಿ ಕುದಿಯುತ್ತಿತ್ತು. ಕೆಂಪಗೆ ಆಗಿತ್ತು. ಶಾಂತಕ್ಕ ಮೊದಲ ಚಮಚವನ್ನು ಆರಿಸಿ ಗೀತಾಳ ಬಾಯಿಗಿಟ್ಟಳು. ಹುಡುಗಿ ನಿಧಾನ ಅಗಿದು, ಕಣ್ಣರಳಿಸಿ ತಾಯಿಯನ್ನು ನೋಡಿದಳು.

"ಇದೇಂಟಮ್ಮಾ?" ಏನಿದು ಎಂದು ತೆಲುಗಿನಲ್ಲೇ ಕೇಳಿದಳು.

"ಇದು ನಮ್ಮೂರು ನೋಡವ್ವಾ," ಎಂದಳು ಶಾಂತಕ್ಕ. "ತಿನ್ನು."